ಬಲಗಡೆಯ ಒಂದಿಂಚು

ಮಾರ್ಚ್ 2, ಬೆಳಿಗ್ಗೆ 6.40

ಫ್ರೇಮಿನ ಮೂರನೆಯ ಮೂಲೆಯೂ ಕೂಡಲಿಲ್ಲ. ಎರಡು ಪಟ್ಟಿಗಳ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು. ಮರದ ಪುಡಿಗೆ ಅಂಟು ಕಲಸಿ ತುಂಬಿದೆ. ದೂರದಿಂದ ಕಾಣುವುದಿಲ್ಲ. ಹತ್ತಿರ ಬಂದು ನೋಡುವವರು ಯಾರಿದ್ದಾರೆ.

ಇದಿನ್ನೂ ಅಭ್ಯಾಸದ್ದು, ಹಳೆಯ ಕಪಾಟಿನ ಪಟ್ಟಿ. ಫ್ರೇಮು ಅಂಗಡಿಯವನ ದರ ಕೇಳಿದ ಮೇಲೆ, ಚಿತ್ರಗಳನ್ನು ಅವನಿಗೇ ಕೊಟ್ಟು ಬರೀ ಫ್ರೇಮು ತರುವುದು ಲಾಭ ಅನಿಸಿತ್ತು. ಫ್ರೇಮಿಲ್ಲದ್ದನ್ನು ಗೋಡೆಗೆ ಹಾಕಲು ಬಿಡುವುದಿಲ್ಲವಂತೆ ಲೈಬ್ರರಿ ಹಾಲಿನ ಮೇಲ್ವಿಚಾರಕಿ. ಎಲ್ಲವೂ ಒಂದೇ ಥರ ಇರಬೇಕಂತೆ. ಹನ್ನೆರಡು ಚಿತ್ರ, ಪ್ರದರ್ಶನ ಇಪ್ಪತ್ತೆರಡನೆಯ ತಾರೀಖು. ಐವತ್ತಮೂರನೆಯ ವಯಸ್ಸಿಗೆ ಮೊದಲ ಗೋಡೆ.

ಆಫೀಸಿಗೆ ಹೊತ್ತಾಯಿತು.

ಮಾರ್ಚ್ 4, ಸಂಜೆ

ಬೀದಿಯ ಕೊನೆಯ ಬಡಗಿಯ ಹತ್ತಿರ ಹೋದೆ. ನನ್ನ ಮೂಲೆಯನ್ನು ಬೆಳಕಿಗೆ ಹಿಡಿದು, ಪುಡಿ ಉದುರಿದ ಸಂದಿನಿಂದ ಆ ಕಡೆಯ ರಸ್ತೆ ನೋಡಿದ.

"ಸರ್, ನೀವು ಗರಗಸಾನ ಪೆನ್ಸಿಲ್ ಹಿಡಿದ ಹಾಗೆ ಹಿಡೀತೀರ. ಅದಕ್ಕೇ ಅದು ಗೀಚುತ್ತೆ, ಕೊಯ್ಯಲ್ಲ."

ಮೂಲೆ ಕೊಯ್ಯುವ ಪೆಟ್ಟಿಗೆ ಎರವಲು ಕೊಟ್ಟ. ಮೂರು ಹಲಗೆಯ ದೋಣಿಯಂಥದ್ದು, ಓರೆಯಾಗಿ ಸೀಳು ಬಿಟ್ಟಿರುತ್ತದೆ. ಪಟ್ಟಿಯ ಒಳಗೆ ಚಿತ್ರ ಕೂರುವ ಸಣ್ಣ ಮೆಟ್ಟಿಲು ಇರುತ್ತದಲ್ಲ, ಅಳತೆ ಹಿಡಿಯಬೇಕಾದದ್ದು ಅಲ್ಲಿ, ಹೊರಗಲ್ಲ ಎಂದ. ಅದನ್ನೇ ಮೂರು ಸಲ ಹೇಳಿದ. ನನ್ನ ಮುಖದಲ್ಲಿ ಏನು ಕಂಡನೋ.

ಮರದ ಡಿಪೋದಲ್ಲಿ ಹಳೇ ಸ್ಟಾಕಿನ ಕೊನೆಯ ಕಟ್ಟು ಸಿಕ್ಕಿತು. ಕಂದು ಪಟ್ಟಿ, ಅಲ್ಲಲ್ಲಿ ಮಸಿ. ಹನ್ನೆರಡಕ್ಕೆ ಸರಿಯಾಗಿ ಸಾಕು. ಒಂದು ತುಂಡು ಕೂಡ ಉಳಿಯುವುದಿಲ್ಲ.

ಮಾರ್ಚ್ 7, ಭಾನುವಾರ

ಮುಂದಿನ ಕೋಣೆ ಅಕ್ಕನ ಹೊಲಿಗೆ ಮಷೀನಿನದು. ನಾನು ಮೊದಲಿಂದಲೂ ಅಡಿಗೆಮನೆಗೆ ಹೋಗುವ ದಾರಿಯಲ್ಲೇ ಚಿತ್ರ ಬರೆದವನು. ಈಗ ಅಲ್ಲೇ ಗರಗಸ. ಅಕ್ಕ ಮರದ ಪುಡಿ ದಾಟಿಕೊಂಡು ನೀರಿಗೆ ಬಂದಳು. ನನಗಿಂತ ಏಳು ವರ್ಷ ದೊಡ್ಡವಳು, ಹಾಗಾಗಿ ಮಾತೂ ಏಳು ವರ್ಷ ಹೆಚ್ಚು. ಚಿತ್ರ ಮಾರಾಟವಾಗದಿದ್ದರೆ ಕಟ್ಟಿಗೆಯಾದರೂ ಉಪಯೋಗಕ್ಕೆ ಬರುತ್ತೆ ಬಿಡು ಎಂದು ಹೋದಳು.

ಹನ್ನೊಂದು ಚಿತ್ರಗಳಲ್ಲಿ ಜನರಿಲ್ಲ. ಬರೀ ಕೋಣೆಗಳು, ಮೆಟ್ಟಿಲು, ತೆರೆದ ಕಪಾಟು. ಹನ್ನೆರಡನೆಯದು ಗೋಡೆಗೆ ಮುಖ ಮಾಡಿ ನಿಂತಿದೆ. ಅಕ್ಕ ಅದನ್ನು ನೋಡಿಲ್ಲ. ನಾನೂ ನೋಡಿ ತಿಂಗಳುಗಳಾದವು.

ಅದರಲ್ಲಿ ಅಕ್ಕ ಇದ್ದಾಳೆ. ಎಡ ಅಂಚಿಗೆ ಬೆನ್ನು ತಾಗಿಸಿ, ಬಗ್ಗಿ, ಯಾರದೋ ಮಣಿಕಟ್ಟಿಗೆ ಟೇಪು ಸುತ್ತುತ್ತಿದ್ದಾಳೆ. ಬಲ ಅಂಚಿನಿಂದ ಒಳಗೆ ಬಂದ ಮಣಿಕಟ್ಟು. ಮುಖವಿಲ್ಲ, ತೋಳೂ ಇಲ್ಲ. ಒಂದಿಂಚಿನಷ್ಟು ಕೈ. ವಾಚು ಒಳಮುಖಕ್ಕೆ ಕಟ್ಟಿದ್ದು, ನರ್ಸುಗಳು ಕಟ್ಟಿಕೊಳ್ಳುವ ಹಾಗೆ.

ಯಾರದೋ ಎಂದು ಬರೆದೆ. ಇಲ್ಲಿಯೂ.

ಮಾರ್ಚ್ 9

ನನ್ನ ಹೆಂಡತಿಯದು.

ಮಾರ್ಚ್ 10, ಬೆಳಿಗ್ಗೆ

ಬರೆದಾಯಿತು, ಇನ್ನು ಮುಂದುವರಿಸಬಹುದು. ಅವಳು ಹೋಗಿ ಮೂರು ವರ್ಷ. ಜಗಳವೆಂದು ಹೇಳುವಂಥದ್ದೇನೂ ಆಗಲಿಲ್ಲ. ಆಗಿದ್ದರೆ ರಾಜಿಯೂ ಆಗುತ್ತಿತ್ತು. ಅಕ್ಕ ಒಂದು ಕೋಣೆಯಲ್ಲಿ, ಅವಳು ಒಂದು ಕೋಣೆಯಲ್ಲಿ, ನಾನು ನಡುವಿನ ದಾರಿಯಲ್ಲಿ. ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು. ನಾನು ಅರ್ಧ ದಾಟಿಸುತ್ತಿದ್ದೆ, ಅರ್ಧ ನುಂಗುತ್ತಿದ್ದೆ. ಯಾವ ಅರ್ಧ ಎಂಬುದರಲ್ಲೇ ತಪ್ಪಿದ್ದಿರಬೇಕು. ಆಸ್ಪತ್ರೆಯ ಕ್ವಾರ್ಟರ್ಸ್ ಸಿಕ್ಕಿತು, ಹೋದಳು.

ಹೋಗುವ ವಾರ ಯೂನಿಫಾರ್ಮಿಗೆ ಅಕ್ಕ ಅಳತೆ ತೆಗೆದಿದ್ದಳು. ನಾನೇ ಕೇಳಿಕೊಂಡಿದ್ದೆ. ಇಬ್ಬರೂ ತುಟಿ ಬಿಚ್ಚಲಿಲ್ಲ, ಅಕ್ಕ ಅಂಕಿ ಹೇಳಿದ್ದು ಬಿಟ್ಟರೆ. ಅವರಿಬ್ಬರು ಅಷ್ಟು ಹತ್ತಿರ ನಿಂತದ್ದನ್ನು ನೋಡಿದ್ದು ಅದೊಂದೇ ಸಲ.

ಆ ಚಿತ್ರ ಗೋಡೆಗೆ ಹತ್ತಬೇಕು. ಅವಳು ಬಂದು ನೋಡಬೇಕು. ಮಿಕ್ಕ ಹನ್ನೊಂದು ಅದಕ್ಕೆ ಬೇಲಿ. ಅವಳನ್ನು ಕರೆದೂ ಇಲ್ಲ ಇನ್ನೂ...

ಮಾರ್ಚ್ 14, ಭಾನುವಾರ, ಸಂಜೆ

ನಲವತ್ತೆಂಟು ತುಂಡು. ಒಂದೇ ದಿನ. ಚಿತ್ರಗಳನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆದು ಅಂಕಿ ಬರೆದಿಟ್ಟಿದ್ದೆ. ಉದ್ದನೆಯ ಮರದ ಪಟ್ಟಿಗೆ ಸ್ಕೇಲು ಸಾಲದೆ ಎಲ್ಲ ತುಂಡಿಗೂ ಅಕ್ಕನ ಟೇಪು ಹಿಡಿದೆ. ಕೈ ಪಳಗಿತು. ಮೂಲೆಗಳು ಚೆನ್ನಾಗಿ ಕೂಡುತ್ತಿವೆ. ಬಡಗಿಗೆ ತೋರಿಸಿದೆ, ಈಗ ಗರಗಸಕ್ಕೆ ನಿಮ್ಮ ಮೇಲೆ ಗೌರವ ಬಂದಿದೆ ಎಂದ.

ಅಂಟು ಒಣಗಲಿ.

ಮಾರ್ಚ್ 15, ಬೆಳಿಗ್ಗೆ 5.50

ಒಂದೂ ಕೂರುವುದಿಲ್ಲ. ಹನ್ನೆರಡೂ ಒಂದಿಂಚು ಕಡಿಮೆ. ಉದ್ದದಲ್ಲೂ ಅಗಲದಲ್ಲೂ.

ಅಕ್ಕ ಎದ್ದು ಬಂದಳು. ಫ್ರೇಮು ನೋಡಿದಳು, ಟೇಪು ನೋಡಿದಳು, ಕೂತುಬಿಟ್ಟಳು. ನಗುತ್ತಿದ್ದಳು ಎಂದು ಆಮೇಲೆ ತಿಳಿಯಿತು.

"ಮೊದಲನೇ ಇಂಚು ಎಲ್ಲಿದೆಯೋ ಇದರಲ್ಲಿ? ಸವೆದುಹೋಗಿತ್ತು, ಕತ್ತರಿಸಿ ಬಿಸಾಡಿ ಎಷ್ಟೋ ವರ್ಷ ಆಯ್ತು. ಒಂದರಿಂದಲೇ ಶುರು ಇದು. ನಾನು ಲೆಕ್ಕದಲ್ಲಿ ಒಂದು ಕಳೀತೀನಿ."

ಹೇಳಬಾರದಿತ್ತೇ ಎಂದೆ.

"ಇಪ್ಪತ್ತೆಂಟು ವರ್ಷದಿಂದ ಊರಿನ ಚರಂಡಿಗಳನ್ನೆಲ್ಲ ಅಳೆದು ನಕ್ಷೆ ಬರೆಯೋನು ನೀನು. ಟೇಪು ಎಲ್ಲಿಂದ ಶುರುವಾಗುತ್ತೆ ಅಂತ ನಾನು ಹೇಳಬೇಕಾ?"

ಟೇಪು ಸುತ್ತಿ ಅವಳ ಮಷೀನಿನ ಪಕ್ಕ ಇಟ್ಟು ಬಂದೆ.

ಮಾರ್ಚ್ 17, ಸಂಜೆ

ಡಿಪೋದಲ್ಲಿ ಆ ಪಟ್ಟಿ ಇಲ್ಲ. ಇನ್ನು ಬರುವುದೂ ಇಲ್ಲ. ಬೇರೆ ಬಣ್ಣದ್ದು ತೋರಿಸಿದರು. ಒಂದಕ್ಕೆ ಮಾತ್ರ ಬೇರೆ ಫ್ರೇಮು ಹಾಕಿದರೆ ಎಲ್ಲರ ಕಣ್ಣೂ ಅಲ್ಲಿಗೇ. ಮೇಲ್ವಿಚಾರಕಿ ಹೇಗೂ ಒಪ್ಪುವುದಿಲ್ಲ.

ಚಿತ್ರಗಳೆಲ್ಲ ದಪ್ಪ ಕಾಗದದವು. ಹನ್ನೊಂದನ್ನು ಕತ್ತರಿಸಿದೆ. ಮೊದಲನೆಯದಕ್ಕೆ ಗೆರೆ ಮೂರು ಸಲ ಅಳೆದೆ, ನಾಲ್ಕನೆಯದಕ್ಕೆ ಅಭ್ಯಾಸವಾಯಿತು. ಒಂದಿಂಚು ನೆಲ, ಒಂದಿಂಚು ಗೋಡೆ ಹೋದರೆ ಕೋಣೆಗೆ ಏನೂ ಆಗುವುದಿಲ್ಲ. ಕೆಲವು ಉತ್ತಮವೇ ಆದವು. ಇದು ಯೋಚಿಸಬೇಕಾದ ವಿಷಯ, ಈಗಲ್ಲ.

ಹನ್ನೆರಡನೆಯದರಲ್ಲಿ ಕೆಳಗಿನಿಂದ ನೆಲ ತೆಗೆಯಬಹುದು. ಅಗಲ? ಬಲಗಡೆ ಒಂದಿಂಚು ತೆಗೆದರೆ ಅವಳು ಇಲ್ಲ. ಅಕ್ಕ ಗಾಳಿಗೆ ಅಳತೆ ತೆಗೆಯುತ್ತಾಳೆ. ಎಡಗಡೆ ಅಕ್ಕನೇ ಇದ್ದಾಳೆ. ಚಿತ್ರ ತೋರಿಸದೆ ಬಡಗಿಯನ್ನು ಕೇಳಿದೆ. ಎರಡೂ ಕಡೆ ಅರ್ಧರ್ಧ ತೆಗೀರಿ ಸರ್, ಯಾರಿಗೂ ಬೇಜಾರಾಗಲ್ಲ ಎಂದ. ಅರ್ಧರ್ಧದಲ್ಲಿ ನನಗೆ ಸಾಕಷ್ಟು ಅನುಭವವಿದೆ.

ಮಾರ್ಚ್ 18

ಮೇಲ್ವಿಚಾರಕಿಗೆ ಫೋನ್ ಮಾಡಿ ಹನ್ನೊಂದೇ ಎಂದೆ. ಚಿತ್ರಗಳ ಯಾದಿ ಬದಲಾಯಿಸಲು ಶನಿವಾರದ ತನಕ ಸಮಯವಿದೆಯಂತೆ. ಹನ್ನೆರಡನೆಯ ಫ್ರೇಮು ಖಾಲಿ ನಿಂತಿದೆ. ಅದರೊಳಗಿಂದ ಅಡಿಗೆಮನೆ ಕಾಣುತ್ತದೆ.

ಆಫೀಸಿನಲ್ಲಿ ಒಂದು ರಸ್ತೆಯ ಅಗಲ ಎರಡು ಸಲ ತಪ್ಪು ಬರೆದೆ.

ಮಾರ್ಚ್ 20, ಶನಿವಾರ, ಮಧ್ಯಾಹ್ನ 3

ಅರ್ಧ ದಿನ ಮುಗಿಸಿ ಬಂದೆ. ಮಷೀನಿನ ಸದ್ದಿಲ್ಲ. ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮುಂದೆ, ಮೇಜಿನ ಮೇಲೆ ಆ ಚಿತ್ರ. ಕತ್ತರಿ, ಖಾಲಿ ಫ್ರೇಮು ಪಕ್ಕದಲ್ಲಿ. ಕೆಲಸ ಮುಗಿದಿತ್ತು.

ನೆಲದ ಮೇಲೆ ಎರಡು ಉದ್ದದ ಚೂರು. ಬಲಗಡೆಯದೆಂದೇ ತಿಳಿದೆ. ಎತ್ತಿಕೊಳ್ಳಲು ಬಗ್ಗಿದೆ. ಒಂದು ಬರೀ ನೆಲ. ಇನ್ನೊಂದರಲ್ಲಿ ಅಕ್ಕನ ತುರುಬು, ಬೆನ್ನು, ಸೆರಗು.

ಮಣಿಕಟ್ಟು ಇದ್ದಲ್ಲೇ ಇತ್ತು. ವಾಚಿನ ಸಮೇತ.

ಯಾರ ಕೈ ಎಂದು ಅವಳು ಕೇಳಲಿಲ್ಲ. ಕನ್ನಡಕ ತೆಗೆದು ಒರೆಸಿದಳು.

"ಅಳತೆಗೆ ಬಂದವರನ್ನ ಕತ್ತರಿಸೋಕಾಗುತ್ತೇನೋ? ನನ್ನ ಬೆನ್ನು ತಾನೇ. ನಾನೇ ಯಾವತ್ತೂ ನೋಡಿಲ್ಲ ಅದನ್ನ, ಹೋದ್ರೆ ಹೋಗ್ಲಿ."

ಆಮೇಲೆ ಮಷೀನಿಗೆ ದಾರ ಪೋಣಿಸಿದಳು. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಹೋಯಿತು. ಆ ಕಡೆ ತಿರುಗಿಕೊಂಡೇ, ಅವಳ ಯೂನಿಫಾರ್ಮ್ ಬಟ್ಟೆ ಇನ್ನೂ ಪೆಟ್ಟಿಗೆಯಲ್ಲೇ ಇದೆ, ಮಣಿಕಟ್ಟು ಆರೂ ಕಾಲು, ಬರೆದಿಟ್ಟಿಲ್ಲ, ನೆನಪಿದೆ ಎಂದಳು. ಒಂದು ಕಳೆದು ಹೇಳಿದ್ದೋ, ಕಳೆಯದೆಯೋ ಎಂದು ಕೇಳಿದೆ. "ಹೋಗೋ" ಎಂದಳು.

ಚಿತ್ರ ಫ್ರೇಮಿನಲ್ಲಿ ಕೂತಿತು. ಹಿಂದಿನಿಂದ ಸಣ್ಣ ಮೊಳೆ ಹೊಡೆದೆ. ಮೇಲ್ವಿಚಾರಕಿಗೆ ಮತ್ತೆ ಫೋನ್. ಹನ್ನೆರಡು.

ಮಾರ್ಚ್ 21, ಭಾನುವಾರ, ಸಂಜೆ

ಗೋಡೆಗೆ ಹತ್ತಿದವು. ಒಂದು ಮೂಲೆ ಇನ್ನೂ ಬಿಟ್ಟುಕೊಂಡಿದೆ. ಅಕ್ಕನೂ ಬಂದಿದ್ದಳು. ಅಲ್ಲಿ ಸೊಟ್ಟ, ಇಲ್ಲಿ ಸೊಟ್ಟ ಎಂದು ನನ್ನನ್ನು ಏಣಿಯಿಂದ ಇಳಿಯಲು ಬಿಡಲಿಲ್ಲ. ಹನ್ನೆರಡನೆಯದರ ಮುಂದೆ ನಿಂತಳು. ಚಿತ್ರದಲ್ಲಿ ಈಗ ಅಕ್ಕ ಪೂರ್ತಿಯಾಗಿ ಇಲ್ಲ. ಹೊರಗಿನಿಂದ ಆಗತಾನೇ ಒಳಗೆ ಬರುತ್ತಿರುವವಳ ಹಾಗಿದ್ದಾಳೆ. ನಾನು ಬರೆದದ್ದಲ್ಲ ಅದು.

ವಾಪಸ್ ಬರುವಾಗ ಬಸ್ಸಿನಲ್ಲಿ, "ಅವಳಿಗೆ ಹೇಳಿದ್ಯಾ?"

ಇಲ್ಲ.

"ನಾನು ಹೇಳ್ಲಾ, ನೀನು ಹೇಳ್ತೀಯಾ?"

ನಾನೇ ಹೇಳುತ್ತೇನೆ ಎಂದೆ. ಅಕ್ಕ ಹೇಳಿದ್ದನ್ನು ಪೂರ್ತಿ ಹೇಳುತ್ತೇನೆ.

ಮಾರ್ಚ್ 22, ಬೆಳಿಗ್ಗೆ 7.15

ಲೈಬ್ರರಿ ಹಾಲ್ ತೆರೆಯುವುದು ಹತ್ತಕ್ಕೆ. ಅವಳ ಪಾಳಿ ಮುಗಿಯುವುದು ಏಳಕ್ಕೆ. ಈಗಲೂ ಅದೇ ಪಾಳಿಯೋ ಏನೋ. ಫೋನ್ ಮಾಡಿದೆ. ಎತ್ತಿದಳು. ಮೊದಲು ಕೇಳಿದ್ದು, ಅಕ್ಕನಿಗೆ ಏನಾದರೂ ಆಯಿತೇ ಎಂದು. ಇಲ್ಲ, ಚೆನ್ನಾಗಿದ್ದಾಳೆ ಎಂದೆ. ಆಮೇಲೆ ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಓದಲಿಲ್ಲ. ಅಕ್ಕ ಮಷೀನು ನಿಲ್ಲಿಸಿದ್ದಳು. ನಿನ್ನ ಕೈ ಗೋಡೆಯ ಮೇಲಿದೆ ಎಂದೆ, ಅಕ್ಕ ಅದನ್ನು ಉಳಿಸಿ ತನ್ನ ಬೆನ್ನು ಕತ್ತರಿಸಿದಳು ಎಂದೆ, ಹತ್ತಕ್ಕೆ ಬಾ ಎಂದೆ.