ಅರ್ಜಿಯಲ್ಲಿ ಬರೆದ ಒಂದೇ ಹೆಸರು

ಮಂಡಗದ್ದೆ,
೧೫ ಡಿಸೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಪ್ಪಯ್ಯಾ,

ನಿಮ್ಮ ಮಗಳು ಸುಮನಾಳ ನಮಸ್ಕಾರಗಳು. ಮೊಣಕಾಲು ನೋವು ಹೇಗಿದೆ? ಕುಂದಾಪುರದ ಮರದ ಮಿಲ್ಲಿನಲ್ಲಿ ನಿಮ್ಮನ್ನು ಕಂಡೆನೆಂದು ಶಿವರಾಮ ಮಾವ ಹೇಳಿದರು. ತುಂಬ ಸೊರಗಿದ್ದೀರಂತೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ? ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಕಾಗದವನ್ನಾದರೂ ಓದುತ್ತೀರೆಂದು ಮಾವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅಮ್ಮ ಆರೋಗ್ಯವಾಗಿದ್ದಾಳೆ, ಮಾತು ಮಾತ್ರ ಕಡಿಮೆ.

ನಾನೀಗ ತೀರ್ಥಹಳ್ಳಿಯಲ್ಲಿ ಬಿ.ಎ. ಎರಡನೇ ವರ್ಷ. ಕಾಲೇಜಿನ ಎನ್ನೆಸ್ಸೆಸ್‌ಗೆ ಸೇರುವಾಗ ಒಂದು ಅರ್ಜಿ ಕೊಟ್ಟರು. ವಿದ್ಯಾರ್ಥಿಗಳು ಊರಿನ ಕೆಲಸಕ್ಕೆ ಏಕೆ ಬರಬೇಕು, ಮೂರು ಕಾರಣ ಬರೆಯಿರಿ ಎಂದಿತ್ತು. ಪಕ್ಕದವರು ಪ್ರಮಾಣಪತ್ರ, ಅನುಭವ, ಧೈರ್ಯ ಎಂದೆಲ್ಲ ಬರೆದರು. ನಾನು ಯಶಸ್ವಿನಿ ಎಂದು ಬರೆದೆ. ಬೇರೇನೂ ಹೊಳೆಯಲಿಲ್ಲ. ಮೇಡಂ ಕರೆದು ಯಾರಿದು ಎಂದು ಕೇಳಿದರು. ನನ್ನ ತಂಗಿ, ಹದಿಮೂರನೇ ವಯಸ್ಸಿಗೆ ತುಂಗೆಯಲ್ಲಿ ಮುಳುಗಿ ಹೋದಳು ಎಂದೆ. ಆ ದಿನ ದಡದಲ್ಲಿ ಇಪ್ಪತ್ತು ಜನ ಇದ್ದರಲ್ಲ ಅಪ್ಪಯ್ಯಾ, ಒಬ್ಬರಿಗೂ ಈಜು ಬರುತ್ತಿರಲಿಲ್ಲ. ದೋಣಿಯವರು ಬಂದು ಮೇಲೆತ್ತಿದ ಮೇಲೆ ಏನು ಮಾಡಬೇಕೆಂದೂ ಯಾರಿಗೂ ಗೊತ್ತಿರಲಿಲ್ಲ. ನೀವು ಅವಳ ಅಂಗಾಲು ತಿಕ್ಕುತ್ತಾ "ಏಳೇ ಕೂಸೇ, ಶಾಲೆಗೆ ಹೊತ್ತಾತು" ಎನ್ನುತ್ತಿದ್ದಿರಿ. ಅದು ಬೇಸಿಗೆ ರಜೆ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಅಗ್ನಿಶಾಮಕ ದಳದವರನ್ನು ಕರೆಸಿ ನಮಗೆ ಹನ್ನೊಂದು ಜನರಿಗೆ ಈಜು, ಎದೆ ಒತ್ತುವುದು, ಬಾಯಿಂದ ಉಸಿರು ಕೊಡುವುದು ಎಲ್ಲ ಕಲಿಸಿದರು. ಮಳೆ ಹೋದ ಮೇಲೆ ಪ್ರತಿ ಭಾನುವಾರ ನಾವು ದಡದ ಹತ್ತಿರ ಊರ ಮಕ್ಕಳಿಗೆ ಈಜು ಕಲಿಸುತ್ತೇವೆ. ಈಜುಕೊಳದಲ್ಲಿ ಕಲಿತಿದ್ದರೂ ಮೊದಲ ವಾರ ಹೊಳೆಗೆ ಕಾಲಿಡಲು ನನಗೇ ಆಗಲಿಲ್ಲ. ಗೆಳತಿ ಸುಷ್ಮಾ ಕೈಹಿಡಿದು ಇಳಿಸಿದಳು. ನಿನ್ನೆ, ಸೇತುವೆ ಕೆಲಸಕ್ಕೆ ಕೊಪ್ಪಳದ ಕಡೆಯಿಂದ ಬಂದ ಹುಲಿಗೆಮ್ಮ ಎಂಬವಳು ಬಟ್ಟೆ ಒಗೆಯುತ್ತಿದ್ದಾಗ ಅವಳ ಆರು ವರ್ಷದ ಮಗಳು ಬಂಡೆಯಿಂದ ಜಾರಿ ಬಿದ್ದಳು. ನಾವಿಬ್ಬರೂ ಈಜಿ ಹೋಗಿ ಎಳೆದು ತಂದೆವು. ಮಗುವಿಗೆ ಉಸಿರಿರಲಿಲ್ಲ. ಸುಷ್ಮಾ ಗಟ್ಟಿಯಾಗಿ ಎಣಿಸಿದಳು, ನಾನು ಎದೆ ಒತ್ತಿದೆ, ಉಸಿರು ಕೊಟ್ಟೆ. ಕೊನೆಗೆ ಕೆಮ್ಮಿ, ನೀರು ಕಾರಿ, ಕೂಗಿ ಅತ್ತಿತು. ಈಗ ಆಸ್ಪತ್ರೆಯಲ್ಲಿದೆ, ಬೆಳಿಗ್ಗೆ ಗಂಜಿ ಕುಡಿಯಿತಂತೆ. ಹುಲಿಗೆಮ್ಮ "ನೀನ ನನ್ನ ದೇವ್ರು ಯವ್ವಾ" ಎಂದು ನನ್ನ ಕಾಲು ಹಿಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮರಳ ಮೇಲೆ ಕುಸಿದು ಆ ಮಗುವಿಗಿಂತ ಜೋರಾಗಿ ಅತ್ತೆ. ಇಷ್ಟೇನಾ ಅಪ್ಪಯ್ಯಾ? ಇಷ್ಟು ಕಲಿತವರು ಅಂದು ಒಬ್ಬರಿದ್ದಿದ್ದರೆ ಯಶು ಈಗ ಪಿಯುಸಿಯಲ್ಲಿ ಇರುತ್ತಿದ್ದಳು.

ಚಳಿ ಹೆಚ್ಚಿದೆ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ. ನಿಮ್ಮ ಪಾದ ಮುಟ್ಟಿದೆನೆಂದು ತಿಳಿಯಿರಿ.

ನಿಮ್ಮ
ಸುಮನಾ

ಮರೆತದ್ದಲ್ಲ, ಧೈರ್ಯವಾಗದೆ ಕೊನೆಗೆ ಉಳಿಸಿಕೊಂಡದ್ದು: ಆ ದಿನ "ಅಕ್ಕಾ, ಹೊಳೆಗೆ ಹೋಗ್ಲಾ?" ಎಂದು ಯಶು ಕೇಳಿದ್ದು ನನ್ನನ್ನು. ಫೋನಿನಿಂದ ತಲೆ ಎತ್ತದೆ "ಹೋಗು, ತಲೆ ತಿನ್ಬೇಡ" ಎಂದವಳು ನಾನು. ಹೊಳೆಗೆ ಓಡುವಾಗ ಅದನ್ನು ನಿಮಗೊಬ್ಬರಿಗೇ ಹೇಳಿದ್ದೆ. ಅಮ್ಮ "ಯಾರು ಕಳ್ಸಿದ್ದು ನನ್ನ ಕೂಸನ್ನ?" ಎಂದು ಕಿರುಚಿದಾಗ ನೀವು "ನಾನೇ ಕಣೇ" ಎಂದಿರಿ. ಅವಳು ನಿಮ್ಮೊಡನೆ ಮಾತು ಬಿಟ್ಟಾಗಲೂ, ನೀವು ಮನೆ ಬಿಟ್ಟಾಗಲೂ ನಾನು ಬಾಯಿ ಬಿಡಲಿಲ್ಲ. ನಿನ್ನೆ ಆಸ್ಪತ್ರೆಯಿಂದ ಬಂದವಳೇ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಗೋಡೆ ಹಿಡಿದು ಕುಳಿತು "ಹಂಗಾರೆ ಇಷ್ಟು ದಿನ ನಾನು ಅವ್ರನ್ನ..." ಎಂದು ಅಷ್ಟಕ್ಕೇ ನಿಂತಳು. ಬನ್ನಿ ಅಪ್ಪಯ್ಯಾ. ಆ ಮಾತನ್ನು ಅವಳು ನಿಮ್ಮೆದುರಿಗೇ ಮುಗಿಸಬೇಕು.