ತಡೆಯಿಲ್ಲದ ಟ್ರಿಪ್

ಡಿಪೋದ ವಿಶ್ರಾಂತಿ ಕೋಣೆ,
೧೪ನೇ ತಾರೀಕು, ಭಾನುವಾರ

ನನ್ನ ಜಗಳಗಂಟಿ ಅಕ್ಕನಿಗೆ,

ತಂಗಿಯ ಪ್ರೀತಿ, ಜೊತೆಗೆ ಒಂದಿಷ್ಟು ಜಂಭ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಒಂದು ಮಾತು ಮುಗಿಸಲೂ ಬಿಡುವುದಿಲ್ಲ. ಕಾಗದಕ್ಕೆ ಅಡ್ಡ ಬಾಯಿ ಹಾಕಲಾರೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸುದ್ದಿ ಕೇಳು. ನಿನ್ನೆ ನಾನು ಬಸ್ಸು ಓಡಿಸಿದೆ! ಅದೇ ಮೂರು ಗಂಟೆ ಹಾದಿಯ ಎಕ್ಸ್‌ಪ್ರೆಸ್, ನಡುವೆ ಒಂದೂ ನಿಲುಗಡೆಯಿಲ್ಲ. ಒಂದು ಸಲವೂ ಬ್ರೇಕ್ ಹಾಕಿ ಪೊದೆಯ ಕಡೆ ಓಡಲಿಲ್ಲ ಕಣೇ. ಈ ಟ್ರಿಪ್ಪೇ ಪರೀಕ್ಷೆ, ಇದರಲ್ಲಿ ಸೋತರೆ ಜೀವನವಿಡೀ ಟಿಕೆಟ್ ಕಿಟಕಿಯೇ ಗತಿ ಎಂದಿದ್ದ ಮ್ಯಾನೇಜರ್, ಟ್ರಿಪ್ ಶೀಟಿಗೆ ಸಹಿ ಹಾಕಿ, ಸೋಮವಾರದಿಂದ ಸ್ಟಿಯರಿಂಗ್ ನಿನ್ನದೇ ಎಂದರು. ನಾನು ಅವರೆದುರೇ ಕುಣಿದುಬಿಟ್ಟೆ.

ಇನ್ನು ತಪ್ಪೊಪ್ಪಿಗೆ. ನಿನ್ನ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಓದಬೇಡ, ಕೂತುಕೊಂಡು ಓದು.

ಕರುಳಿನ ಹುಣ್ಣಿಗೆ ನೀನು ಕಳಿಸುವ ಆ ಮಾತ್ರೆ ಶುರುವಾದ ಎರಡೇ ವಾರಕ್ಕೆ ಹೊಟ್ಟೆ ಇನ್ನಷ್ಟು ಕೆಟ್ಟಿತಲ್ಲ? ಕಾಯಿಲೆ ಜೋರಾಗಿದೆ ಎಂದು ಡಾಕ್ಟರ್ ಮಾತ್ರೆ ಹೆಚ್ಚಿಸಿದರು. ಹೆಚ್ಚಿಸಿದಷ್ಟೂ ನನ್ನ ಓಟ ಹೆಚ್ಚಿತು, ದಿನಕ್ಕೆ ಹನ್ನೊಂದು ಸಲ. ನೀನೋ, ಬೆಳಿಗ್ಗೆ ಸಂಜೆ ಫೋನ್ ಮಾಡಿ ಮಾತ್ರೆ ನುಂಗಿದೆಯಾ ಎಂದು ಪ್ರಾಣ ತಿಂದೆ. ನುಂಗದೆ ಕಳ್ಳಾಟ ಆಡುತ್ತಿದ್ದೀಯ, ಅದಕ್ಕೇ ವಾಸಿಯಾಗುತ್ತಿಲ್ಲ ಎಂದೂ ಬೈದೆ. ಆಗ ಒಂದೊಂದನ್ನೂ ನಿಯತ್ತಾಗಿ ನುಂಗುತ್ತಿದ್ದೆ. ಆ ಮಾತು ಎಷ್ಟು ನೋಯಿಸಿತು ಗೊತ್ತಾ?

ಆಮೇಲೆ ನಾಲ್ಕು ದಿನ ತರಬೇತಿಗೆಂದು ಬೇರೆ ಊರಿಗೆ ಹೋದೆನಲ್ಲ, ಮಾತ್ರೆ ಡಬ್ಬಿಯನ್ನು ಮನೆಯಲ್ಲೇ ಮರೆತೆ. ನೀನು ಕೇಳಿದಾಗ ನುಂಗಿದೆ ಎಂದು ಎಂಟೂ ಸಲ ಸುಳ್ಳು ಹೇಳಿದೆ. ನಿನ್ನ ಬೈಗುಳದ ಭಯ!

ಡ್ರೈವರುಗಳ ಚಟ ನಿನಗೆ ಗೊತ್ತೇ ಇದೆ. ಎಲ್ಲಿ ನಿಂತೆವು, ಎಷ್ಟು ಹೊತ್ತು, ಯಾಕೆ ಎಂದು ಟ್ರಿಪ್ ಶೀಟಿನ 'ತಡೆ' ಕಾಲಮ್ಮಿನಲ್ಲಿ ಬರೆಯದಿದ್ದರೆ ಕೈ ಸುಮ್ಮನಿರುವುದಿಲ್ಲ. ಈ ಕಾಯಿಲೆಯಿಂದ ಬಸ್ಸು ಬಿಟ್ಟು ಟಿಕೆಟ್ ಕಿಟಕಿಗೆ ಬಂದ ಮೇಲೂ ಹಳೆಯ ಶೀಟುಗಳ ಮೇಲೆ ನನ್ನ ಶೌಚಾಲಯದ ಓಟಗಳನ್ನು ನಿಮಿಷ ಸಮೇತ ಬರೆಯುತ್ತಿದ್ದೆ. ತರಬೇತಿಯ ಮೂರನೇ ದಿನ ಎರಡೇ ಓಟ. ನಾಲ್ಕನೇ ದಿನ ಕಾಲಮ್ಮು ಖಾಲಿ. ಮನೆಗೆ ಬಂದು ಮತ್ತೆ ನುಂಗಿದೆ, ಮರುದಿನ ಸಂಜೆಯೊಳಗೆ ಒಂಬತ್ತು ಓಟ!

ಶೀಟುಗಳನ್ನು ಡಾಕ್ಟರ ಮೇಜಿನ ಮೇಲೆ ಹರಡಿದೆ. ಹೇಳದೆ ಕೇಳದೆ ಮಾತ್ರೆ ಬಿಡುವುದೇ ಎಂದು ಮೊದಲು ಚೆನ್ನಾಗಿ ಬೈದರು. ಆಮೇಲೆ ಎರಡು ಸಲ ಓದಿದರು. ಕರುಳಿಗೆ ಕೊಳವೆ ಹಾಕಿ ನೋಡಿದರೆ ಹುಣ್ಣು ಮುಕ್ಕಾಲು ಮಾಯ್ದಿತ್ತು. ಅಪರೂಪಕ್ಕೆ ಕೆಲವರ ಕರುಳಿಗೆ ಈ ಮಾತ್ರೆಯೇ ಒಗ್ಗುವುದಿಲ್ಲವಂತೆ, ನೋಡಲು ಕಾಯಿಲೆಯ ಹಾಗೇ ಕಾಣುತ್ತದಂತೆ. ಕಾಯಿಲೆಯೆಂದು ನಾವು ಹೊಡೆದಾಡುತ್ತಿದ್ದದ್ದು ಔಷಧದ ಜೊತೆಗೇ! ಬೇರೆ ಜಾತಿಯ ಔಷಧಿ ಬರೆದುಕೊಟ್ಟರು. ಎರಡು ತಿಂಗಳಿಂದ ಅದನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳುತ್ತಿದ್ದೇನೆ. ಅಂದಿನಿಂದ ನೀನು ಕೇಳಿದಾಗಲೆಲ್ಲ ನುಂಗಿದೆ ಎಂದದ್ದು ನಿಜವೇ. ಯಾವುದನ್ನು ಎಂದು ನೀನು ಕೇಳಲಿಲ್ಲ.

ನೀನು ಕಳಿಸಿದ ಡಬ್ಬಿಗಳನ್ನು ಸೀಲ್ ಒಡೆಯದೆ, ಈ ಕಾಗದದ ಜೊತೆ ಇವತ್ತೇ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಮಾತ್ರೆ ಕೆಟ್ಟದ್ದಲ್ಲ, ಎಷ್ಟೋ ಜನರನ್ನು ಉಳಿಸುತ್ತದಂತೆ. ನನಗೆ ಆಗಿಬರಲಿಲ್ಲ, ಅಷ್ಟೆ. ನಿನಗೆ ಮೊದಲೇ ಹೇಳದ್ದು ತಪ್ಪು. ಗೆದ್ದ ಮೇಲೆಯೇ ಹೇಳಬೇಕೆಂಬ ಹಟವಿತ್ತು. ಗೆದ್ದೆ.

ನಿನ್ನ ಮೊಂಡು ತಂಗಿ,
ಡ್ರೈವರ್ (ಟಿಕೆಟ್ ಕಿಟಕಿಯವಳಲ್ಲ)

ಮರೆತ ಮಾತು: ನಿನ್ನೆ ಕೊನೆಯ ಸೀಟಿನಲ್ಲಿ ತಲೆಗೆ ಸ್ಕಾರ್ಫ್ ಸುತ್ತಿ, ಚೀಲವನ್ನು ಅವುಚಿಕೊಂಡು ಕೂತವಳು ಯಾರೆಂದು ಕನ್ನಡಿಯಲ್ಲಿ ನೋಡಿದೆ. ಟಿಕೆಟ್ ಕೊಡುವಾಗ ಚೀಲದೊಳಗೆ ಟವೆಲ್ಲು, ನನ್ನ ಅಳತೆಯ ಯೂನಿಫಾರ್ಮ್ ಪ್ಯಾಂಟು ಕಂಡಿತೆಂದು ಕಂಡಕ್ಟರ್ ಹೇಳಿದ. ನಾನು ಸೋತರೆ ಯಾರಿಗೂ ಕಾಣದಂತೆ ಕೈಗೆ ಕೊಡಲು ಬಂದಿದ್ದೆಯಲ್ಲವೇ? ನನ್ನನ್ನು ಮಾತಾಡಿಸದೆ ಇಳಿದು ಹೋದೆಯಲ್ಲೇ. ನಾಳೆ ಬೆಳಿಗ್ಗೆ ಎಂಟೂವರೆಗೆ ಅದೇ ಬಸ್ಸು. ಮುಂದಿನ ಸೀಟಿನಲ್ಲಿ ಕೂತುಕೋ, ಬರಿಗೈಯಲ್ಲಿ ಬಾ.