ನನ್ನ ಗಂಡ ಉಪವಾಸ ಮಾಡುತ್ತಿರಲಿಲ್ಲ

ಬೋಲಿಂಗ್‌ಬ್ರೂಕ್‌ನ ಉಗ್ರಾಣ ಕಂಪನಿಯ ನೇಮಕಾತಿ ವಿಭಾಗದ ಹಿರಿಯ ಅಧಿಕಾರಿಗಳೇ,

ಕಳೆದ ತಿಂಗಳು ದೇವಸ್ಥಾನದ ಕೆಳಗಿನ ಹಾಲ್‌ನಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ತಾವು ಮೈಕ್ ಹಿಡಿದು, "ದ್ವಾರಕಾನಾಥ್ ಅವರು ಕಾಯಿಲೆಯಲ್ಲೂ ಉಪವಾಸ ಬಿಡದ ನಿಷ್ಠಾವಂತರು, ನಮ್ಮ ಮಕ್ಕಳಿಗೆ ಮಾದರಿ" ಎಂದಿರಿ. ಜನ ತಲೆದೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಲೆ ಬಗ್ಗಿಸಿಕೊಂಡೆ. ದುಃಖಕ್ಕೆ ಬಗ್ಗಿಸಿದೆನೆಂದು ತಾವು ತಿಳಿದಿರಬಹುದು. ಅದು ನಾಚಿಕೆ. ನನ್ನ ಗಂಡ ಐವತ್ತಮೂರು ವರ್ಷ ಬದುಕಿದರು. ಅಷ್ಟರಲ್ಲಿ ಒಂದೇ ಒಂದು ದಿನವೂ ಉಪವಾಸ ಮಾಡಿದವರಲ್ಲ. ನಮ್ಮ ಕನ್ನಡದವರ ಪತ್ರಿಕೆಯಲ್ಲಿ ಎಲ್ಲರಿಗೂ ಕಾಣುವಂತೆ ಈ ಪತ್ರ ಬರೆಯುತ್ತಿರುವುದು ಆ ತಪ್ಪನ್ನು ತಿದ್ದುವುದಕ್ಕೆ. ತಪ್ಪಿನಲ್ಲಿ ಅರ್ಧ ನನ್ನದು, ಅದನ್ನೂ ಬರೆಯುತ್ತೇನೆ. ಉಳಿದರ್ಧವನ್ನು ತಾವು ಒಪ್ಪಿಕೊಳ್ಳುತ್ತೀರೋ ಇಲ್ಲವೋ ನೋಡೋಣ.

ಮೊದಲು ಅವರು ಎಂಥ ಮನುಷ್ಯ ಎಂದು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ನಮ್ಮತ್ತೆ ಏಕಾದಶಿಯ ದಿನ ಮನೆಮಂದಿಗೆಲ್ಲ ಅವಲಕ್ಕಿ ಹಾಕಿ ಕೂರಿಸಿದರೆ, ಈ ಮಹಾನುಭಾವರು ಅಂಚೆ ಕಚೇರಿಗೆ ಹೋಗುತ್ತೇನೆಂದು ಹೊರಟು, ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೆ ಆಬರ್ನ್ ಹಿಲ್ಸ್‌ನ ಆಫೀಸಿಗೆ ನಾನು ಕಟ್ಟಿಕೊಡುತ್ತಿದ್ದ ಡಬ್ಬಿ ಮೂರು ಅಂತಸ್ತಿನದು. ಕಾರಿನೊಳಗೆ ಬಿಸಿಗಾಳಿ, ತಣ್ಣನೆ ಗಾಳಿ ಹೇಗೆ ಓಡಾಡಬೇಕೆಂದು ಲೆಕ್ಕ ಹಾಕುವ ಎಂಜಿನಿಯರ್ ಅವರು. ಸಂಜೆ ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಅಡುಗೆಮನೆಯ ಕಡೆ ತಿರುಗಿ, "ಏನ್ ಮಾಡಿದೀಯ ಇವತ್ತು?" ಎಂದು ಕೇಳುತ್ತಿದ್ದರು. ಇಪ್ಪತ್ತಾರು ವರ್ಷ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿದ್ದೇನೆ. ಕೆಲವು ದಿನ ಸಿಡುಕಿಯೂ ಕೊಟ್ಟಿದ್ದೇನೆ.

2008ರ ಬೇಸಿಗೆಯಲ್ಲಿ ಅವರ ಹೊಟ್ಟೆಯಲ್ಲಿ ಕ್ಯಾನ್ಸರ್ ಸಿಕ್ಕಿತು. ಆಪರೇಷನ್ ಮಾಡಿ ಹೊಟ್ಟೆಯ ಅರ್ಧ ತೆಗೆದರು. ಮುಂದಿನ ಜನವರಿಯಲ್ಲಿ ಕೆಲಸವೂ ಹೋಯಿತು. ಆ ತಿಂಗಳು ಡೆಟ್ರಾಯ್ಟ್ ಸುತ್ತ ಯಾರ ಕೆಲಸ ತಾನೇ ಉಳಿದಿತ್ತು? ನಮ್ಮ ಬಡಾವಣೆಯಲ್ಲಿ ಹನ್ನೊಂದು ಮನೆಗಳ ಮುಂದೆ ಮಾರಾಟದ ಬೋರ್ಡು ನೆಟ್ಟಿತ್ತು. ಹಳೆಯ ಕಂಪನಿಯ ಇನ್ಶೂರೆನ್ಸನ್ನು ಕೈಯಿಂದ ಕಟ್ಟಿ ಹದಿನೆಂಟು ತಿಂಗಳು ಉಳಿಸಿಕೊಳ್ಳಬಹುದಿತ್ತು. ಅಂದರೆ 2010ರ ಜುಲೈ ಕೊನೆಯವರೆಗೆ. ಆಮೇಲೆ ಸ್ಕ್ಯಾನ್ ಇಲ್ಲ, ಡಾಕ್ಟರ್ ಇಲ್ಲ. ಅಷ್ಟರೊಳಗೆ ಇನ್ಶೂರೆನ್ಸ್ ಇರುವ ಒಂದು ಕೆಲಸ ಹಿಡಿಯಬೇಕಿತ್ತು. ನಮ್ಮ ಪೂರ್ತಿ ಬದುಕು ಆ ಒಂದು ತಾರೀಖಿನ ಮೇಲೆ ನಿಂತಿತ್ತು.

ಆಪರೇಷನ್ ಆದ ಮೇಲೆ, ಕ್ಯಾನ್ಸರ್‌ಗಿಂತ ಮೊದಲು ಅವರನ್ನು ತಿನ್ನತೊಡಗಿದ್ದು ವಾಕರಿಕೆ. ಒಗ್ಗರಣೆಯ ವಾಸನೆ ಬಂದರೆ ಬಾತ್‌ರೂಮಿಗೆ ಓಡುತ್ತಿದ್ದರು. ನಾನು ಕರೆಂಟು ಕುಕ್ಕರನ್ನು ಗ್ಯಾರೇಜಿಗೆ ಒಯ್ದು ಅನ್ನ ಮಾಡುತ್ತಿದ್ದೆ. ಮಾತ್ರೆಗಳನ್ನು ಬದಲಿಸಿ ಬದಲಿಸಿ ಸುಸ್ತಾದ ಡಾಕ್ಟರು ಒಂದು ದಿನ ಬಾಗಿಲು ಮುಚ್ಚಿ, ಮಿಶಿಗನ್‌ನಲ್ಲಿ ಈಗ ಇದಕ್ಕೆ ಕಾನೂನಿದೆ, ಕಾರ್ಡಿಗೆ ಅಪ್ಲೈ ಮಾಡಿ ಎಂದರು. ಗಾಂಜಾ. ಹೌದು, ಬರೆದುಬಿಟ್ಟೆ. ಈ ಪತ್ರಿಕೆ ಓದುವ ಆಂಟಿಯರು ಒಂದು ನಿಮಿಷ ಕೆಳಗಿಟ್ಟು, ನೀರು ಕುಡಿದು, ಮತ್ತೆ ಎತ್ತಿಕೊಳ್ಳಬಹುದು.

ಸೇದುವುದಕ್ಕೆ ಅವರು ಒಪ್ಪಲಿಲ್ಲ. ಹೊಗೆ ಮನೆಯೊಳಗೆ ಬೇಡ ಎಂದು ನಾನೂ ಹೇಳಿದೆ. ಆಗ ಹುಡುಕಿ ತಂದದ್ದು ವೇಪರೈಜರ್. ಮೇಜಿನ ಮೇಲಿಡುವ ಯಂತ್ರ, ಮಿಕ್ಸಿಗಿಂತ ಸ್ವಲ್ಪ ಗಿಡ್ಡ. ಒಣಸೊಪ್ಪನ್ನು ಸುಡುವುದಿಲ್ಲ, ಬಿಸಿಗಾಳಿಯಲ್ಲಿ ಕಾಯಿಸಿ ಅದರ ಆವಿಯನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬುತ್ತದೆ. ಚೀಲದಿಂದ ನಾಲ್ಕು ಉಸಿರು ಎಳೆದುಕೊಂಡರೆ ಮುಗಿಯಿತು. ಬಾಣಲೆಯಲ್ಲಿ ಓಮ ಬೆಚ್ಚಗೆ ಮಾಡಿದಾಗ ಘಮ ಏಳುವುದಿಲ್ಲವೇ, ಅಷ್ಟೇ. ಮೊದಲ ದಿನ ಅವರು ಅದನ್ನು ಬಿಚ್ಚಿ, ಒಳಗಿನ ಫ್ಯಾನ್ ನೋಡಿ, "ಇಪ್ಪತ್ತೈದು ವರ್ಷ ಮಾಡಿದ್ದೂ ಇದೇ ಕಣೇ, ಗೂಡು ಮಾತ್ರ ಚಿಕ್ಕದು" ಎಂದು ನಕ್ಕರು. ಗುಂಡಿಯನ್ನು 365 ಡಿಗ್ರಿ ಫ್ಯಾರನ್‌ಹೀಟ್‌ಗೆ ತಿರುಗಿಸಿ ಅಲ್ಲೊಂದು ಪೆನ್ನಿನ ಗೆರೆ ಎಳೆದರು. ಸಂಜೆ ಆರಕ್ಕೆ ಸರಿಯಾಗಿ ಅಡುಗೆಮನೆಯ ಮೂಲೆಯಲ್ಲಿ ಅದು ಗುಂಯ್ ಎನ್ನುತ್ತಿತ್ತು. ಕಾಲು ಗಂಟೆ ಕಳೆದ ಮೇಲೆ ಒಳಗಿನಿಂದ ದನಿ: "ಏನ್ ಮಾಡಿದೀಯ ಇವತ್ತು?"

ಮೊದಲ ಸಲ ಅದು ಕೇಳಿದಾಗ ನಾನು ಸೌಟು ಕೆಳಗಿಟ್ಟು ಸ್ಟೋವ್ ಕಡೆ ತಿರುಗಿ ಅತ್ತೆ. ಎಂಟು ತಿಂಗಳಲ್ಲಿ ಹದಿನಾರು ಪೌಂಡ್ ತೂಕ ಬಂತು. ಯಾರಾದರೂ ಮನೆಗೆ ಬಂದರೆ ಮಾತ್ರ ಅದರ ಮೇಲೆ ಮಿಕ್ಸಿಯ ಮುಸುಕು ಹೊದಿಸುತ್ತಿದ್ದೆ.

ಈಗ ತಮ್ಮ ಮನೆಯ ಊಟಕ್ಕೆ ಬರುತ್ತೇನೆ. ಈ ವರ್ಷ ಮಾರ್ಚ್‌ನಲ್ಲಿ, ರಾಮನವಮಿಯ ಮರುದಿನ, ತಮ್ಮ ಕಂಪನಿಯ ಇಂಟರ್‌ವ್ಯೂಗೆ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯಿಂದ ಬೇರೆ ರಾಜ್ಯದ ಬೋಲಿಂಗ್‌ಬ್ರೂಕ್‌ಗೆ ಡ್ರೈವ್ ಮಾಡಿಕೊಂಡು ಬಂದೆವು. ಯಂತ್ರ ತರುವಂತಿರಲಿಲ್ಲ, ಮಿಶಿಗನ್ ರಾಜ್ಯದ ಗಡಿ ದಾಟಿದರೆ ಆ ಕಾರ್ಡಿಗೆ ಬೆಲೆಯಿಲ್ಲ. ಇಂಟರ್‌ವ್ಯೂ ಚೆನ್ನಾಗಿ ಆಯಿತು. ಕನ್ನಡದವರೆಂದು ತಿಳಿದು ತಾವು ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದಿರಿ. ತಮ್ಮ ಶ್ರೀಮತಿಯವರು ಹೋಳಿಗೆ ಮಾಡಿದ್ದರು. ಆ ಔದಾರ್ಯವನ್ನು ನಾನು ಮರೆತಿಲ್ಲ. ನನ್ನ ಗಂಡ ತಟ್ಟೆಯ ಮುಂದೆ ಕೂತು ಬೆವರಿದರು. ಮೊದಲ ತುತ್ತನ್ನು ಬಾಯಿಯವರೆಗೆ ಒಯ್ದು ಮತ್ತೆ ತಟ್ಟೆಗೇ ಇಳಿಸಿದ್ದು ನನಗೆ ಕಂಡಿತು. ನನ್ನ ಬಾಯಿಂದ ಹೊರಟೇಹೋಯಿತು: "ಅವರಿಗೆ ಇವತ್ತು ಏಕಾದಶಿ."

ತಮ್ಮ ತಾಯಿ ಮೈಸೂರಿನಿಂದ ಬಂದಿದ್ದರು. ಬೆರಳು ಮಡಚಿ ಎಣಿಸಿದರು. "ನಿನ್ನೆ ತಾನೇ ರಾಮನವಮಿ. ಇವತ್ತು ದಶಮಿ ಅಲ್ವೇನಮ್ಮ?"

"ನಮ್ಮದು ಬೇರೆ ಪಂಚಾಂಗ ಅಮ್ಮ" ಎಂದೆ.

ತಾವು ಸಂತೋಷದಿಂದ ತಲೆಯಾಡಿಸಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಇದಕ್ಕೇ ನೋಡಿ, ನಮ್ಮವರಲ್ಲಿ ಡಿಸಿಪ್ಲಿನ್ ಇರುತ್ತೆ. ನಾನು ಕಂಪನಿಗೆ ತಂದ ಕನ್ನಡದವರಲ್ಲಿ ಒಬ್ಬರೂ ಡ್ರಗ್ ಟೆಸ್ಟ್‌ನಲ್ಲಿ ಫೇಲ್ ಆಗಿಲ್ಲ."

ಆಗ ನನ್ನ ಗಂಡ, ಲೋಕಾಭಿರಾಮ ಎಂಬಂತೆ, ಮೆಲ್ಲಗೆ ಕೇಳಿದರು. "ಯಾರಾದ್ರೂ ಡಾಕ್ಟರ್ ಹೇಳಿ ತಗೋತಾ ಇದ್ರೆ, ಅಂಥವರಿಗೆ ಏನ್ ಮಾಡ್ತೀರಿ?"

ತಾವು ನಕ್ಕಿರಿ. "ಅಂಥವರು ನಮ್ಮಲ್ಲಿ ಅಪ್ಲೈ ಮಾಡೋದೇ ಇಲ್ಲ ಬಿಡಿ ಸರ್."

ತಮಗೆ ಇದು ನೆನಪಿರಲಿಕ್ಕಿಲ್ಲ. ಹೇಳಬಾರದ್ದನ್ನು ತಾವೇನೂ ಹೇಳಲಿಲ್ಲ, ಕಂಪನಿಯ ನಿಯಮವನ್ನು ನಗುತ್ತಾ ಹೇಳಿದಿರಿ. ಆದರೆ ಆ ಮನುಷ್ಯ ತಮ್ಮ ಮನೆಯ ಮಣೆಯ ಮೇಲೆ ಕೂತು ಬಾಗಿಲು ತಟ್ಟಿದ್ದರು, ತಾವು ಒಳಗಿನಿಂದ ಚಿಲಕ ಹಾಕಿದಿರಿ. ತಮ್ಮ ಎದುರಿಗೇ ಅಂಥವರೊಬ್ಬರು ಅಪ್ಲೈ ಮಾಡಿ ಕೂತಿರಬಹುದೆಂದು ಒಂದು ಕ್ಷಣವಾದರೂ ಅನ್ನಿಸಲಿಲ್ಲವೇ? ಇಷ್ಟು ಜನರನ್ನು ನೋಡಿ ಆರಿಸುವ ಕಣ್ಣು ತಮ್ಮದು.

ಅಡುಗೆಮನೆಯಲ್ಲಿ ತಮ್ಮ ತಾಯಿ ಒಂದು ಲೋಟ ನೀರುಮಜ್ಜಿಗೆ ನನ್ನ ಕೈಗಿಟ್ಟು, "ಹೊಟ್ಟೆಗೆ ಏನಾದ್ರೂ ತೊಂದ್ರೆನೇನಮ್ಮ ಅವರಿಗೆ?" ಎಂದು ಪಿಸುದನಿಯಲ್ಲಿ ಕೇಳಿದರು. "ಇಲ್ಲಮ್ಮ, ವ್ರತ" ಎಂದೆ. ಇಡೀ ಅಮೆರಿಕದಲ್ಲಿ ಆ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ಅವರೊಬ್ಬರೇ. ಅವರಿಗೂ ನಾನು ಸುಳ್ಳು ಹೇಳಿದೆ.

ವಾಪಸು ಬರುವಾಗ ಇಂಡಿಯಾನಾ ದಾಟುತ್ತಿದ್ದಂತೆ ನನ್ನ ಗಂಡ ಹೇಳಿದರು: "ಮನೆಗೆ ಹೋದ ಮೇಲೆ ಅದನ್ನ ಎತ್ತಿಟ್ಟುಬಿಡು." ಟೆಸ್ಟು ಮೇ ತಿಂಗಳಲ್ಲಿ ಎಂದು ತಾವು ಹೇಳಿದ್ದಿರಿ. ದಿನವೂ ಬಳಸುವವರ ಮೈಯಲ್ಲಿ ಗಾಂಜಾದ ಗುರುತು ಒಂದು ತಿಂಗಳಿಗೂ ಮೀರಿ ಉಳಿಯಬಹುದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಅರ್ಧ ದಿನ ಅಂಥ ಟೆಸ್ಟಿನ ಮೂತ್ರದ ಬಾಟಲಿಗಳ ಮೇಲೆ ಚೀಟಿ ಅಂಟಿಸುವುದೇ ನನ್ನ ಕೆಲಸ. ಅರ್ಧ ದಿನದ ಕೆಲಸಕ್ಕೆ ಇನ್ಶೂರೆನ್ಸ್ ಇಲ್ಲ. "ನನ್ನ ಬಾಟಲಿ ಕೊಟ್ಟುಬಿಡಲಾ ರೀ?" ಎಂದು ಕೇಳಿದೆ. "ಮೋಸ ಬೇಡ. ಒಂದು ಮಂಡಲ ಅಂದ್ಕೊಳೋಣ, ನಲವತ್ತೆಂಟು ದಿನ" ಎಂದರು. ನಾನೇ ಆ ಯಂತ್ರವನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಬೇಸ್‌ಮೆಂಟಿನಲ್ಲಿ ಇಟ್ಟು ಬಂದೆ.

ಮುಂದಿನದನ್ನು ಸ್ನೇಹಿತರೆಲ್ಲ ನೋಡಿದ್ದಾರೆ, ನೋಡಿಯೂ ಇಲ್ಲ. ಯಾರ ಮನೆಗೆ ಹೋದರೂ ಒಂದೊಂದು ವ್ರತ ಹುಟ್ಟಿಸಿದೆ. ಸೋಮವಾರ ಒಂದು, ಗುರುವಾರ ಒಂದು, ಸಂಕಷ್ಟಿ, ಪ್ರದೋಷ. ಹರಕೆ ಅಂದೆ, ಮಗಳ ಓದಿಗೆ ಅಂದೆ. ಜನ ಕೈಮುಗಿದರು. ಮೈ ಇಳಿದದ್ದನ್ನು ನೋಡಿ, "ಮುಖದಲ್ಲಿ ತೇಜಸ್ಸು ಬಂದಿದೆ" ಎಂದರು. ಕೆನ್ನೆಯ ಮೂಳೆ ಎದ್ದು ಕಾಣುತ್ತಿದ್ದುದಕ್ಕೆ ಅವರಿಟ್ಟ ಹೆಸರು ತೇಜಸ್ಸು.

ಮಗಳು ಆಶ್ರಿತಾ ಕಾಲೇಜಿನಿಂದ ರಜೆಗೆ ಬಂದವಳು ಅಪ್ಪನನ್ನು ನೋಡಿ ಬಾಗಿಲಲ್ಲೇ ನಿಂತಳು. "ಅಮ್ಮಾ, ದಿಸ್ ಇಸ್ ಇನ್ಸೇನ್. ಜಸ್ಟ್ ಕಾಲ್ ದಟ್ ಅಂಕಲ್ ಅಂಡ್ ಟೆಲ್ ಹಿಮ್."

"ಅವರು ನಮ್ಮವರು ಕಣೇ" ಎಂದೆ.

"ದೆನ್ ವೈ ಕಾಂಟ್ ಯೂ ಟೆಲ್ ಹಿಮ್?"

"ನಮ್ಮವರು, ಅದಕ್ಕೇ ಹೇಳೋಕಾಗಲ್ಲ."

ಅವಳಿಗೆ ಅದು ಅರ್ಥವಾಗಲಿಲ್ಲ. ಈ ಪತ್ರಿಕೆ ಓದುವ ನಿಮಗೆಲ್ಲ ಅರ್ಥವಾಗುತ್ತದೆ, ಅದೇ ನನ್ನ ಸಂಕಟ. ತಮ್ಮ ಕುರ್ಚಿಯಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ ಪರಕೀಯ ಇದ್ದಿದ್ದರೆ ನಾವು ಡಾಕ್ಟರ ಪತ್ರ ಹಿಡಿದು ಹೋಗುತ್ತಿದ್ದೆವು. ಆತ ಆಗುವುದಿಲ್ಲ ಎನ್ನುತ್ತಿದ್ದನೇನೋ, ಎನ್ನಲಿ. ಅವನ ತಾಯಿಯ ಮುಂದೆ ತಲೆ ಎತ್ತಿ ಓಡಾಡುವ ಗರಜು ನಮಗಿರುತ್ತಿರಲಿಲ್ಲ.

ಮಂಡಲ ಮುಗಿದು ನಾಲ್ಕನೆಯ ದಿನ ಟೆಸ್ಟು. ವಾರದೊಳಗೆ ತಾವೇ ಫೋನ್ ಮಾಡಿ, "ಕಂಗ್ರಾಜುಲೇಷನ್ಸ್ ಸರ್, ಎಲ್ಲಾ ಕ್ಲೀನ್" ಎಂದಿರಿ. ಸೋಫಾದ ಮೇಲೆ ಮಲಗಿಕೊಂಡೇ ಥ್ಯಾಂಕ್ಸ್ ಹೇಳಿದವರ ತೂಕ ಅವತ್ತು ನೂರ ಹದಿಮೂರು ಪೌಂಡ್. ನಾನು ಬೇಸ್‌ಮೆಂಟಿಗೆ ಓಡಿದೆ. ಯಂತ್ರದ ಸೀರೆ ಬಿಚ್ಚುವಾಗ ಅವರು ತಾವು ಕಳಿಸಿದ್ದ ಆಫರ್ ಲೆಟರಿನ ಎರಡನೆಯ ಪುಟ ತೋರಿಸಿದರು. ಕೆಲಸಕ್ಕೆ ಸೇರಿದ ಮೇಲೂ ಯಾವ ದಿನ ಬೇಕಾದರೂ ಟೆಸ್ಟು ಕೇಳಬಹುದು. ಮತ್ತೆ ಸುತ್ತಿಟ್ಟೆ.

ಬೋಲಿಂಗ್‌ಬ್ರೂಕ್‌ನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಜೂನ್ ಏಳರಂದು ಕೆಲಸಕ್ಕೆ ಸೇರಿದರು. ಹತ್ತೊಂಬತ್ತು ದಿನ ಕೆಲಸ ಮಾಡಿದರು. ಉಗ್ರಾಣದ ಗಾಳಿಯ ಕೊಳವೆಗಳನ್ನು ಸರಿಮಾಡಿಸಿದರಂತೆ, ಈಗ ಅಲ್ಲಿ ಸೆಕೆ ಕಡಿಮೆಯಂತೆ. ಇಪ್ಪತ್ತನೆಯ ದಿನ ಜ್ವರ, ಆಮೇಲೆ ನ್ಯುಮೋನಿಯಾ. ಜುಲೈ ಹದಿನಾಲ್ಕರಂದು ಹೋದರು. ತಮ್ಮ ಕಂಪನಿಯ ಇನ್ಶೂರೆನ್ಸ್ ತೊಂಬತ್ತು ದಿನದ ನಂತರ ಶುರುವಾಗಬೇಕಿತ್ತು. ಹಳೆಯದು ಮುಗಿಯಲು ಇನ್ನೂ ಹದಿನೇಳು ದಿನ ಬಾಕಿ ಇತ್ತು. ಯಾವುದಕ್ಕಾಗಿ ಹಸಿದರೋ ಅದು ಬರಲಿಲ್ಲ, ಯಾವುದು ಮುಗಿದೀತೆಂದು ಹೆದರಿದರೋ ಅದು ಮುಗಿಯಲಿಲ್ಲ.

ತಮ್ಮ ಬಾಟಲಿ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಕ್ಯಾನ್ಸರ್ ಹಾಗೆ ಬಿಟ್ಟುಹೋಗುವ ನೆಂಟನಲ್ಲ, ಇವತ್ತಲ್ಲ ನಾಳೆ ಬರುತ್ತಿತ್ತೇನೋ. ಡಾಕ್ಟರು ಹೇಳಿದ್ದಿಷ್ಟು: ತಡೆದುಕೊಳ್ಳುವುದಕ್ಕೆ ಮೈಯಲ್ಲಿ ಏನೂ ಉಳಿದಿರಲಿಲ್ಲ. ನನಗಿರುವ ದುಃಖ ಅದಕ್ಕಿಂತ ಚಿಕ್ಕದು. "ಏನ್ ಮಾಡಿದೀಯ ಇವತ್ತು?" ಎಂದು ಅವರು ಕೊನೆಯ ಸಲ ಕೇಳಿದ್ದು ರಾಮನವಮಿಯ ಸಂಜೆ. ಮಾವಿನಕಾಯಿ ಚಿತ್ರಾನ್ನ ಮಾಡಿದ್ದೆ, ಎರಡು ಸಲ ಹಾಕಿಸಿಕೊಂಡರು. ಅದು ಕೊನೆಯದೆಂದು ಗೊತ್ತಿದ್ದರೆ ಇನ್ನೊಂದು ಸಲ ಬಡಿಸುತ್ತಿದ್ದೆ.

ಯಂತ್ರ ಈಗ ಮತ್ತೆ ಅಡುಗೆಮನೆಯ ಮೂಲೆಯಲ್ಲಿದೆ. ಮುಸುಕು ಹಾಕಿಲ್ಲ. ಬಂದವರು ಕೇಳಿದರೆ ಏನೆಂದು ಹೇಳುತ್ತೇನೆ.

ತಮ್ಮಿಂದ ನಾನು ಪರಿಹಾರ ಕೇಳುತ್ತಿಲ್ಲ. ದೀಪಾವಳಿಯ ಕಾರ್ಯಕ್ರಮದಲ್ಲಿ ತಾವು ಹೇಗೂ ಮಾತನಾಡುತ್ತೀರಿ. ಅದೇ ಮೈಕ್ ಹಿಡಿದು, ದ್ವಾರಕಾನಾಥ್ ಉಪವಾಸ ಮಾಡಲಿಲ್ಲ, ಹಸಿದಿದ್ದರು, ಔಷಧ ಮನೆಯಲ್ಲಿ ಇಟ್ಟುಕೊಂಡು ಹಸಿದಿದ್ದರು ಎಂದು ಹೇಳಿ. ತಮ್ಮ ಫಾರಂನಲ್ಲಿ ಬಾಟಲಿಗಿಂತ ಮುಂಚೆ ಒಂದು ಸಾಲು ಸೇರಿಸಿ, ಡಾಕ್ಟರು ಕೊಟ್ಟದ್ದೇನಾದರೂ ಇದೆಯೇ ಎಂದು ನಗದೆ ಕೇಳುವ ಸಾಲು. ಅಷ್ಟೂ ಆಗದಿದ್ದರೆ ಇಂಟರ್‌ವ್ಯೂಗೆ ತಮ್ಮ ತಾಯಿಯನ್ನು ಕೂರಿಸಿಕೊಳ್ಳಿ, ಅವರಿಗೆ ತಟ್ಟೆ ನೋಡಲು ಬರುತ್ತದೆ.

ನಮ್ಮಲ್ಲಿ ಊಟಕ್ಕೆ ಕೂತವರು ಸಾಕು ಎಂದರೆ ಯಾರೂ ನಂಬುವುದಿಲ್ಲ. ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಇನ್ನೊಂದು ಸೌಟು ಬಡಿಸುತ್ತೇವೆ. ಅವತ್ತು ಒಂದು ದಿನ, ದೇವರ ಹೆಸರು ಬಂತೆಂದು, ತಾವೆಲ್ಲ ನನ್ನ ಮಾತು ನಂಬಿದಿರಿ. ಇನ್ನು ಮುಂದೆ ನಂಬಬೇಡಿ.

ಇಂತಿ,
ಇಲ್ಲದ ಏಕಾದಶಿಯನ್ನು ಹುಟ್ಟಿಸಿದವಳು,
ಸುಹಾಸಿನಿ ದ್ವಾರಕಾನಾಥ್
ಫಾರ್ಮಿಂಗ್ಟನ್ ಹಿಲ್ಸ್, ಸೆಪ್ಟೆಂಬರ್ 2010